ಪುರುಸೊತ್ತಿರುವ ನಕ್ಷತ್ರಗಳು

ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಹೊಸಪೇಟೆಯಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಸಂಡೂರಿನ ಬೆಟ್ಟಸಾಲಿನ ಮೇಲೆ ಎರಡು ಉಜ್ವಲ ಚುಕ್ಕೆಗಳು ಅಕ್ಕಪಕ್ಕದಲ್ಲಿ ಹೊಳೆಯುತ್ತಿರುತ್ತವೆ. ಅವುಗಳಲ್ಲಿ ಎಡಕ್ಕಿರುವುದು ಆಲ್ಫಾ ಸೆಂಟಾರಿ. ದಿಗಂತದಿಂದ 14 ಡಿಗ್ರಿಯಷ್ಟೂ ಅದು ಮೇಲೇರುವುದಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎನ್ನಬೇಕು. ದೆಹಲಿಯವರಿಗೆ ಅದು ದಿಗಂತದ ದೂಳಿನಲ್ಲೇ ಮುಳುಗಿಹೋಗಿರುತ್ತದೆ.

ಬರಿಗಣ್ಣಿಗೆ ಅದು ಒಂದೇ ನಕ್ಷತ್ರ. ಅದು ಜೋಡಿ ಎಂಬುದನ್ನು ಮೊದಲು ಕಂಡವರು ದಕ್ಷಿಣ ಭಾರತದಲ್ಲಿದ್ದ ಒಬ್ಬ ಫ್ರೆಂಚ್ ಪಾದ್ರಿ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಝಾನ್ ರಿಶೋ ತಮ್ಮ ದೂರದರ್ಶಕವನ್ನು ಇತ್ತ ತಿರುಗಿಸಿದಾಗ ಒಂದರ ಪಕ್ಕ ಇನ್ನೊಂದು ಕಂಡಿತು. ದೊಡ್ಡದು ನಮ್ಮ ಸೂರ್ಯನಂಥದ್ದೇ. ಸಣ್ಣದು ಸೂರ್ಯನಿಗಿಂತ ತುಸು ಹಗುರ, ತುಸು ತಂಪು, ಹೊಳಪಿನಲ್ಲಿ ಸೂರ್ಯನ ಅರ್ಧ, ಬಣ್ಣದಲ್ಲಿ ಕಿತ್ತಳೆಯ ಕಡೆಗೆ ವಾಲಿದ್ದು. 4.37 ಜ್ಯೋತಿರ್ವರ್ಷ ದೂರದ ಈ ‘ಆಲ್ಫಾ ಸೆಂಟಾರಿ ಬಿ’ಯೇ ನಮಗೆ ಅತ್ಯಂತ ಸಮೀಪದ ಕಿತ್ತಳೆ ಕುಬ್ಜ.

ಬೇರೆ ಲೋಕಗಳಲ್ಲಿ ಜೀವ ಹುಡುಕುವವರು ಬಹುಕಾಲ ಸೂರ್ಯನಂಥ ಹಳದಿ ನಕ್ಷತ್ರಗಳ ಬೆನ್ನು ಹತ್ತಿದ್ದರು. ಆಮೇಲೆ ಎಣಿಕೆಯಲ್ಲಿ ಅತಿ ಹೆಚ್ಚಿರುವ ಕೆಂಪು ಕುಬ್ಜಗಳ ಕಡೆ ಹೊರಳಿದರು. ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಎರಡರ ನಡುವಿನ ಕಿತ್ತಳೆ ಕುಬ್ಜಗಳಿಗೆ ಮನ್ನಣೆ ಏರಿದೆ. 2014ರಲ್ಲಿ ರೆನೆ ಹೆಲ್ಲರ್ ಮತ್ತು ಜಾನ್ ಆರ್ಮ್‌ಸ್ಟ್ರಾಂಗ್ ಒಂದು ಪ್ರಬಂಧ ಪ್ರಕಟಿಸಿ, ಜೀವಕ್ಕೆ ಭೂಮಿಗಿಂತಲೂ ಅನುಕೂಲವಾದ ಗ್ರಹಗಳು ಇರಬಹುದು, ಅವನ್ನು ಕಿತ್ತಳೆ ಕುಬ್ಜಗಳ ಸುತ್ತ ಹುಡುಕಿ ಎಂದರು. ಈ ಮಾತಿನ ಹಿಂದಿನ ಕಾರಣ ಒಂದೇ ಪದದಲ್ಲಿ ಹೇಳಬಹುದಾದದ್ದು: ಸಮಯ. ಜೀವಕ್ಕೆ ಎಷ್ಟು ಸಮಯ ಬೇಕು ಎಂಬುದಕ್ಕೆ ಪುರಾವೆ ಬೇಕಾದರೆ ಆಕಾಶ ಬಿಟ್ಟು ನೆಲ ನೋಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ನೆಲ ಇದಕ್ಕೆ ಚೆನ್ನಾಗಿ ಒದಗಿಬರುತ್ತದೆ.

ಹಳದಿಗೂ ಕೆಂಪಿಗೂ ನಡುವೆ

ನಕ್ಷತ್ರಗಳನ್ನು ಅವುಗಳ ಮೇಲ್ಮೈ ಬಿಸಿಯ ಪ್ರಕಾರ ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ವಿಂಗಡಿಸುತ್ತಾರೆ. ಒ ಅತಿ ಬಿಸಿ, ಎಂ ಅತಿ ತಂಪು. ಸೂರ್ಯ ಜಿ ಗುಂಪಿನವನು. ಅವನ ಮೇಲ್ಮೈಯಲ್ಲಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾವು. ಕಿತ್ತಳೆ ಕುಬ್ಜಗಳು ಕೆ ಗುಂಪಿನವು. ಅವುಗಳ ಕಾವು ಸರಿಸುಮಾರು 3,600ರಿಂದ 5,000 ಡಿಗ್ರಿ. ತೂಕ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನಿಂದ ಹಿಡಿದು ಹತ್ತರಲ್ಲಿ ಒಂಬತ್ತು ಪಾಲಿನ ತನಕ. ‘ಕುಬ್ಜ’ ಎಂದಾಕ್ಷಣ ಮುದಿ ಅಥವಾ ಕುಗ್ಗಿದ ನಕ್ಷತ್ರ ಎಂದುಕೊಳ್ಳಬೇಕಿಲ್ಲ. ಒಡಲಿನ ಜಲಜನಕವನ್ನು ನೆಮ್ಮದಿಯಾಗಿ ಉರಿಸುತ್ತಿರುವ ನಡುವಯಸ್ಸಿನ ನಕ್ಷತ್ರಕ್ಕೆಲ್ಲ ಆ ಹೆಸರು. ನಮ್ಮ ಸೂರ್ಯನೂ ಕುಬ್ಜನೇ.

ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗೈನನ್ ಬಳಗ ಇಂಥ ನಕ್ಷತ್ರಗಳನ್ನು ವರ್ಷಗಟ್ಟಲೆ ಅಳೆದು 2020ರ ಜನವರಿಯಲ್ಲಿ ತನ್ನ ಲೆಕ್ಕ ಮುಂದಿಟ್ಟಿತು. ಆಕಾಶಗಂಗೆಯಲ್ಲಿ ಸೂರ್ಯನಂಥವಕ್ಕಿಂತ ಕಿತ್ತಳೆ ಕುಬ್ಜಗಳು ಹೆಚ್ಚೂಕಡಿಮೆ ಎರಡು ಪಟ್ಟು. ನಮ್ಮಿಂದ 100 ಜ್ಯೋತಿರ್ವರ್ಷದೊಳಗೇ ಸುಮಾರು ಒಂದು ಸಾವಿರ ಇವೆ. ಸೂರ್ಯನ ಒಟ್ಟು ಬಾಳು 1,000 ಕೋಟಿ ವರ್ಷವಾದರೆ ಇವು 2,500 ಕೋಟಿಯಿಂದ 8,000 ಕೋಟಿ ವರ್ಷ ಬಾಳುತ್ತವೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಅಂದರೆ ಈ ತನಕ ಹುಟ್ಟಿದ ಕಿತ್ತಳೆ ಕುಬ್ಜಗಳಲ್ಲಿ ಬಹುಪಾಲು ಇನ್ನೂ ಆಯುಸ್ಸಿನ ಅರ್ಧದಾರಿಯನ್ನೂ ಮುಟ್ಟಿಲ್ಲ.

ಹಗುರ ನಕ್ಷತ್ರದಲ್ಲಿ ಇಂಧನವೂ ಕಡಿಮೆ, ಹಾಗಿದ್ದರೆ ಬೇಗ ಬರಿದಾಗಬೇಕಲ್ಲ? ತುಂಗಭದ್ರಾ ಜಲಾಶಯ ಇದಕ್ಕೆ ಉತ್ತರ ಹೇಳುತ್ತದೆ. ಅಣೆಕಟ್ಟೆಯಲ್ಲಿ ಇಂದು ಹಿಡಿಸುವ ನೀರು ಸುಮಾರು 105 ಟಿಎಂಸಿ. ಆದರೆ ಅಚ್ಚುಕಟ್ಟಿನ ರೈತ ಒಳಹರಿವು, ಸಂಗ್ರಹಗಳ ಜೊತೆಗೇ ಹೊರಹರಿವಿನ ಅಂಕಿಯನ್ನೂ ನೋಡುತ್ತಾನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಅಣೆಕಟ್ಟೆ ತುಂಬಿಯೇ ಇತ್ತು. ಊರೂರಿನವರ ಎದೆ ಹೊಡೆದುಕೊಂಡದ್ದು ನೀರು ಹೊರಗೆ ಓಡುತ್ತಿದ್ದ ವೇಗಕ್ಕೆ. ನಕ್ಷತ್ರದ ಲೆಕ್ಕವೂ ಹೀಗೇ. ಸೂರ್ಯನ ಹತ್ತರಲ್ಲಿ ಏಳು ಪಾಲು ತೂಕದ ನಕ್ಷತ್ರವನ್ನು 74 ಟಿಎಂಸಿಯ ಜಲಾಶಯ ಎಂದುಕೊಳ್ಳಿ. ನಕ್ಷತ್ರದ ತೂಕ ಸ್ವಲ್ಪ ಇಳಿದರೆ ಅದರ ಕೇಂದ್ರದ ಕಾವು, ಒತ್ತಡ ಇಳಿದು ಉರಿಯುವ ವೇಗ ವಿಪರೀತ ತಗ್ಗುತ್ತದೆ. ಈ ಗಾತ್ರದ್ದರ ಹೊಳಪು ಸೂರ್ಯನ ನಾಲ್ಕನೇ ಒಂದು ಪಾಲು ಮಾತ್ರ. ಸಂಗ್ರಹ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಕಡಿಮೆಯಾಯಿತು, ಹೊರಹರಿವು ಮುಕ್ಕಾಲು ಪಾಲು ನಿಂತಿತು. ನೀರು ಸುಮಾರು ಮೂರು ಪಟ್ಟು ಕಾಲ ಬಂದೇ ಬರುತ್ತದೆ.

ಸೂರ್ಯನದು ಇನ್ನೊಂದು ಸಮಸ್ಯೆ. ಪ್ರತಿ 100 ಕೋಟಿ ವರ್ಷಕ್ಕೆ ಅವನ ಹೊಳಪು ಸುಮಾರು ನೂರಕ್ಕೆ ಹತ್ತರಷ್ಟು ಏರುತ್ತಿದೆ. ಸೂರ್ಯ ಸಾಯಲು ಇನ್ನೂ 500 ಕೋಟಿ ವರ್ಷ ಇದ್ದರೂ ಭೂಮಿಯ ಕಡಲು ಅಲ್ಲಿಯ ತನಕ ತಾಳುವುದಿಲ್ಲ. ಬಹುಶಃ ಇನ್ನು 100 ಕೋಟಿ ವರ್ಷಗಳ ಆಸುಪಾಸಿನಲ್ಲಿ ಆವಿಯಾಗಲು ತೊಡಗುತ್ತದೆ. ಕಿತ್ತಳೆ ಕುಬ್ಜದ ಹೊಳಪು ಏರುವುದು ತೀರ ನಿಧಾನ. ಅದರ ಸುತ್ತ ನೀರು ನೀರಾಗಿಯೇ ಉಳಿಯುವ ‘ವಾಸಯೋಗ್ಯ ವಲಯ’ ಅಷ್ಟು ಬೇಗ ಜಾರಿಹೋಗುವುದಿಲ್ಲ.

ಸಂಡೂರಿನ ಕೆಂಪು

ಇಷ್ಟೆಲ್ಲ ಸಮಯ ಯಾಕೆ ಬೇಕು ಎಂದು ಕೇಳುವವರು ದೋಣಿಮಲೈ, ದೇವಗಿರಿ, ರಾಮಗಡದ ಕಡೆ ಹೋಗಬೇಕು. ಅಲ್ಲಿ ರಸ್ತೆ ಬದಿಯ ಬೇವಿನ ಎಲೆಯೂ ಕೆಂಪು, ಮನೆಯ ಗೋಡೆಯೂ ಕೆಂಪು. ಅದಿರಿನ ಲಾರಿ ಎಬ್ಬಿಸುವ ದೂಳಿಗೆ ಬಣ್ಣ ಕೊಟ್ಟಿರುವುದು ಹೆಮಟೈಟ್, ಅಂದರೆ ಆಮ್ಲಜನಕದೊಂದಿಗೆ ಕೂಡಿಕೊಂಡ ಕಬ್ಬಿಣ.

ಸಂಡೂರಿನ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು. ಇಂದಿನ ಬೆಟ್ಟ ಅಂದು ಕಡಲ ತಳ. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತದೆ. ಕಡಲ ತಳದ ಬಿಸಿನೀರ ಬುಗ್ಗೆಗಳಿಂದ ಹೊರಬಿದ್ದ ಕಬ್ಬಿಣ ಸಮುದ್ರದ ತುಂಬ ಹರಡಿತ್ತು. ಆ ಕರಗಿದ ಕಬ್ಬಿಣಕ್ಕೆ ಯಾವುದೋ ಬಗೆಯಲ್ಲಿ ಆಮ್ಲಜನಕ ಅಂಟಿಕೊಂಡಾಗ ಅದು ಕರಗದ ತುಕ್ಕಾಗಿ ತಳಕ್ಕಿಳಿಯಿತು. ಅದರ ಮೇಲೆ ಸಿಲಿಕಾದ ಪದರ, ಮತ್ತೆ ಕಬ್ಬಿಣದ ಪದರ. ಭೂವಿಜ್ಞಾನಿಗಳು ‘ಪಟ್ಟೆ ಕಬ್ಬಿಣಶಿಲೆ’ ಎನ್ನುವ ಈ ಕಲ್ಲನ್ನು ಸೀಳಿ ನೋಡಿದರೆ ಕೆಂಪು, ಬೂದು, ಕಪ್ಪು ಗೆರೆಗಳು ಒಂದರ ಮೇಲೊಂದು ಕಾಣುತ್ತವೆ.

ಆ ಕೆಲಸ ಮಾಡಿದ್ದು ಯಾರು ಎಂಬ ಚರ್ಚೆ ಇನ್ನೂ ನಡೆದಿದೆ. ಬಿಸಿಲು, ನೀರು ಬಳಸಿ ಆಮ್ಲಜನಕ ಬಿಡುತ್ತಿದ್ದ ಸಯನೋಬ್ಯಾಕ್ಟೀರಿಯಗಳು ಇರಬಹುದು. ಬಿಸಿಲು ಬಳಸಿ ನೇರವಾಗಿ ಕಬ್ಬಿಣವನ್ನೇ ತುಕ್ಕಾಗಿಸುವ ಬೇರೆ ಸೂಕ್ಷ್ಮಜೀವಿಗಳೂ ಇರಬಹುದು. ಸಂಡೂರಿನಲ್ಲಿ ಎರಡು ಸುಳಿವುಗಳಿವೆ. ಒಂದು, ಅಲ್ಲಿನ ಮ್ಯಾಂಗನೀಸ್. ಕಬ್ಬಿಣದಷ್ಟು ಸುಲಭವಾಗಿ ಮ್ಯಾಂಗನೀಸ್ ಆಮ್ಲಜನಕದ ಕೈಹಿಡಿಯುವುದಿಲ್ಲ. ಅದೂ ತಳಕ್ಕಿಳಿದಿದೆ ಎಂದರೆ ನೀರಿನಲ್ಲಿ ಬಿಡಿ ಆಮ್ಲಜನಕವೇ ಇದ್ದಿರಬಹುದು. ಎರಡು, 1980ರ ದಶಕದಲ್ಲಿ ಭೂವಿಜ್ಞಾನಿಗಳು ಅಲ್ಲಿ ವರದಿ ಮಾಡಿದ ಸ್ಟ್ರೋಮಟೊಲೈಟ್‌ಗಳು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆ ಹಾಸು ಕೆಸರನ್ನು ಹಿಡಿದಿಟ್ಟು ಪದರ ಪದರವಾಗಿ ಬೆಳೆದು ಕಲ್ಲಾದ ಗುಬ್ಬಟೆಗಳು ಅವು. ಕಬ್ಬಿಣದ ಗಣಿಗೆ ಹೆಸರಾದ ಈ ತಾಲ್ಲೂಕು ಕರ್ನಾಟಕದ ಅತಿ ಪುರಾತನ ಜೀವಕುರುಹುಗಳ ತಾಣಗಳಲ್ಲಿ ಒಂದೂ ಹೌದು.

ಶುದ್ಧ ಹೆಮಟೈಟಿನ ಒಂದು ಟನ್ನಿನಲ್ಲಿ 700 ಕಿಲೊ ಕಬ್ಬಿಣ, 300 ಕಿಲೊ ಆಮ್ಲಜನಕ. ಲಾರಿಯೊಂದು 15 ಟನ್ ಹೊತ್ತು ಹೊರಟರೆ ಅದರಲ್ಲಿ ನಾಲ್ಕೂವರೆ ಟನ್ ಆದಿಕಾಲದ ಆಮ್ಲಜನಕ ಬೀಗ ಹಾಕಿಸಿಕೊಂಡು ಕುಳಿತಿರುತ್ತದೆ. ತೋರಣಗಲ್ಲಿನ ಊದುಕುಲುಮೆಯಲ್ಲಿ ನಡೆಯುವುದು ಆ ಬೀಗ ಒಡೆಯುವ ಕೆಲಸ: ಕೋಕ್‌ನ ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ.

ಈಗ ಕಾಲದ ಲೆಕ್ಕ ಹಾಕೋಣ. ಭೂಮಿ ಹುಟ್ಟಿದ್ದು 454 ಕೋಟಿ ವರ್ಷ ಹಿಂದೆ. 350 ಕೋಟಿ ವರ್ಷ ಹಿಂದಿನ ಹೊತ್ತಿಗೆ ಜೀವವಿತ್ತು. ಗಾಳಿಯಲ್ಲಿ ಆಮ್ಲಜನಕ ಮೊದಲ ಬಾರಿಗೆ ನಿಂತದ್ದು ಸುಮಾರು 240 ಕೋಟಿ ವರ್ಷ ಹಿಂದೆ, ಸಂಡೂರಿನ ಕಲ್ಲುಗಳು ಕೂಡಿಬಿದ್ದು 30 ಕೋಟಿ ವರ್ಷ ಕಳೆದ ಮೇಲೆ. ಅದಕ್ಕೆ ಮುಂಚೆ ಹುಟ್ಟಿದ ಆಮ್ಲಜನಕವನ್ನೆಲ್ಲ ಕಡಲ ಕಬ್ಬಿಣ, ಜ್ವಾಲಾಮುಖಿಗಳ ಅನಿಲ ನುಂಗಿಹಾಕುತ್ತಿದ್ದವು. ಪ್ರಾಣಿಗಳು ಬಂದದ್ದು ಕೇವಲ 60 ಕೋಟಿ ವರ್ಷಗಳ ಆಚೀಚೆ. ಭೂಮಿಯ ಈವರೆಗಿನ ಬಾಳಿನಲ್ಲಿ ಎಂಟರಲ್ಲಿ ಏಳು ಪಾಲು ಕಳೆದ ಮೇಲೆ. ಮುಂದೆ ಉಳಿದಿರುವುದು 100 ಕೋಟಿ ವರ್ಷದ ಆಸುಪಾಸು. ಇನ್ನೂ ಸ್ವಲ್ಪ ತಡವಾಗಿದ್ದರೆ ನಮ್ಮ ಸೂರ್ಯನ ಕೆಳಗೆ ಪ್ರಾಣಿಗಳಿಗೆ ಅವಕಾಶವೇ ಸಿಗುತ್ತಿರಲಿಲ್ಲ.

ಈ ಲೆಕ್ಕ ಕೈಯಲ್ಲಿ ಹಿಡಿದು ಇನ್ನೊಂದು ಪ್ರಸಿದ್ಧ ಕಿತ್ತಳೆ ಕುಬ್ಜವನ್ನು ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮಹಾವ್ಯಾಧನ ಪಶ್ಚಿಮಕ್ಕೆ, ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿ, ಮಸುಕಾಗಿ ಕಾಣುವ ಎಪ್ಸಿಲಾನ್ ಎರಿಡೇನಿ. ದೂರ 10.5 ಜ್ಯೋತಿರ್ವರ್ಷ. 1960ರಲ್ಲಿ ಫ್ರಾಂಕ್ ಡ್ರೇಕ್ ಅನ್ಯಲೋಕದ ಬುದ್ಧಿಜೀವಿಗಳ ರೇಡಿಯೊ ಸಂದೇಶಕ್ಕಾಗಿ ಗ್ರೀನ್ ಬ್ಯಾಂಕ್‌ನ ರೇಡಿಯೊ ದೂರದರ್ಶಕವನ್ನು ತಿರುಗಿಸಿದ ಎರಡೇ ನಕ್ಷತ್ರಗಳಲ್ಲಿ ಇದೂ ಒಂದು. ಗುರುಗ್ರಹದಂಥ ಒಂದು ಗ್ರಹ, ದೂಳಿನ ತಟ್ಟೆ ಎರಡೂ ಅದಕ್ಕೆ ಇವೆ. ಆದರೆ ಅದರ ವಯಸ್ಸು ಸುಮಾರು 40ರಿಂದ 80 ಕೋಟಿ ವರ್ಷ. ಆ ವಯಸ್ಸಿನ ಭೂಮಿಯಲ್ಲಿ ರೇಡಿಯೊ ಹಾಗಿರಲಿ, ಸಂಡೂರಿನ ಲೋಳೆ ಹಾಸಿನ ಕುರುಹೂ ಇರಲಿಲ್ಲ. ಬಣ್ಣ, ದೂರ ಎರಡೂ ಹೊಂದಿದರೂ ವಯಸ್ಸು ಹೊಂದಲಿಲ್ಲ.

ಕೆಂಪು ಕುಬ್ಜಗಳು ಕಿತ್ತಳೆಯವಕ್ಕಿಂತಲೂ ದೀರ್ಘಾಯುಗಳು. ಅವನ್ನೇ ಯಾಕೆ ಆರಿಸಬಾರದು? ಅವು ಮಂದವಾದ್ದರಿಂದ ಗ್ರಹ ಬೆಚ್ಚಗಿರಲು ತೀರ ಹತ್ತಿರ ಇರಬೇಕು. ಕೆಂಪು ಕುಬ್ಜವೊಂದರ ಸುತ್ತ 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಗ್ರಹದ ವರ್ಷ 11 ದಿನಗಳದು. ಅಷ್ಟು ಹತ್ತಿರದಲ್ಲಿ ನಕ್ಷತ್ರದ ಜ್ವಾಲಾಸ್ಫೋಟಗಳ ಹೊಡೆತಕ್ಕೆ ಗಾಳಿಯ ಹೊದಿಕೆ ಕಿತ್ತುಹೋಗಬಹುದು. ನಮಗೆ ಚಂದ್ರ ತೋರುವಂತೆ ಗ್ರಹ ಒಂದೇ ಮುಖವನ್ನು ನಕ್ಷತ್ರಕ್ಕೆ ತೋರುತ್ತ ನಿಲ್ಲಬಹುದು. ಕಿತ್ತಳೆ ಕುಬ್ಜದ ವಾಸಯೋಗ್ಯ ವಲಯ ಇದಕ್ಕಿಂತ ದೂರ. ಹಾಗೆಂದು ಇವೂ ಹುಟ್ಟಿನಿಂದ ಸಾಧುಗಳಲ್ಲ. ಎಳವೆಯಲ್ಲಿ ವೇಗವಾಗಿ ತಿರುಗುತ್ತ, ಅತಿನೇರಳೆ ಮತ್ತು ಎಕ್ಸ್ ಕಿರಣ ಕಾರುತ್ತವೆ, ಶಾಂತವಾಗಲು ಸೂರ್ಯನಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಆಮೇಲೆ ಉಳಿಯುವ ನೆಮ್ಮದಿಯ ಅವಧಿ ಮಾತ್ರ ಬಲು ದೊಡ್ಡದು.

ಕಂಪ್ಲಿಯ ಗದ್ದೆಯ ಅನಿಲ

ಜೀವವಿದೆ ಎಂದು ಇಲ್ಲಿಂದಲೇ ತಿಳಿಯುವುದು ಹೇಗೆ? ಆಮ್ಲಜನಕ ಒಂದೇ ಸಾಲದು. ಕಡಲು ಆವಿಯಾಗಿ, ಅತಿನೇರಳೆ ಕಿರಣಕ್ಕೆ ನೀರು ಒಡೆದು, ಜಲಜನಕ ಹಾರಿಹೋದರೆ ನಿರ್ಜೀವ ಗ್ರಹದಲ್ಲೂ ಆಮ್ಲಜನಕ ಉಳಿಯಬಲ್ಲದು. ಎರಡನೆಯ ಸಾಕ್ಷಿ ಬೇಕು. ಅದು ಕಂಪ್ಲಿಯ ಗದ್ದೆಗಳಲ್ಲಿದೆ.

ಕಾಲುವೆ ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಕೆಸರಿನಿಂದ ಗುಳ್ಳೆ ಏಳುತ್ತದೆ. ನಿಂತ ನೀರಿನಡಿಯ ಮಣ್ಣಿಗೆ ಆಮ್ಲಜನಕ ಇಳಿಯುವುದಿಲ್ಲ. ಅಲ್ಲಿ ಆಮ್ಲಜನಕವನ್ನು ಒಲ್ಲದ ಪುರಾತನ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲಿನ ಉಳಿಕೆಯಿಂದ ಮೀಥೇನ್ ಹುಟ್ಟಿಸುತ್ತವೆ. ಸಂಡೂರಿನ ಕಡಲಿನ ಕಾಲದಲ್ಲಿ ಇವುಗಳ ಪೂರ್ವಜ ಜೀವಿಗಳು ಇಡೀ ಲೋಕದಲ್ಲಿ ಬಿಡಾರ ಹೂಡಿದ್ದವು. ಆಮ್ಲಜನಕ ಬಂದ ಮೇಲೆ ಕೆಸರಿಗೂ ದನದ ಹೊಟ್ಟೆಗೂ ಸರಿದವು.

ಗಾಳಿಗೆ ಸೇರಿದ ಮೀಥೇನ್ ಹೆಚ್ಚು ದಿನ ಬಾಳುವುದಿಲ್ಲ. ಸುಮಾರು ಹತ್ತು ವರ್ಷದಲ್ಲಿ ಆಮ್ಲಜನಕದ ಲೋಕದಲ್ಲಿ ಉತ್ಕರ್ಷಣೆಗೊಂಡು ಅಳಿಯುತ್ತದೆ. ಹಾಗಾಗಿ ಒಂದು ಗ್ರಹದಲ್ಲಿ ಆಮ್ಲಜನಕ, ಮೀಥೇನ್ ಎರಡೂ ಒಟ್ಟಿಗೆ ಕಂಡರೆ ಯಾರೋ ಎರಡನ್ನೂ ಎಡೆಬಿಡದೆ ತುಂಬುತ್ತಿದ್ದಾರೆ ಎಂದರ್ಥ. ಇಂಥ ಹೊಂದಾಣಿಕೆಯಿಲ್ಲದ ಅನಿಲಗಳ ಜೋಡಿಯನ್ನು ಹುಡುಕಬೇಕೆಂದು ಜೇಮ್ಸ್ ಲವ್‌ಲಾಕ್ 1965ರಲ್ಲೇ ಸೂಚಿಸಿದ್ದರು. 1990ರ ಡಿಸೆಂಬರಿನಲ್ಲಿ ಗುರುಗ್ರಹದ ದಾರಿ ಹಿಡಿದಿದ್ದ ಗೆಲಿಲಿಯೊ ನೌಕೆ ಭೂಮಿಯ ಪಕ್ಕ ಹಾದಾಗ ಅದರ ಉಪಕರಣಗಳಿಂದ ಭೂಮಿಯನ್ನೇ ಪರೀಕ್ಷಿಸಿದರು. ಕಾರ್ಲ್ ಸೇಗನ್ ಮತ್ತು ಸಂಗಡಿಗರು 1993ರಲ್ಲಿ ಫಲಿತಾಂಶ ಪ್ರಕಟಿಸಿದರು: ಆಮ್ಲಜನಕವೂ ಉಂಟು, ಮೀಥೇನೂ ಉಂಟು. ಭೂಮಿ ಪರೀಕ್ಷೆಯಲ್ಲಿ ಪಾಸಾಯಿತು.

ಕಿತ್ತಳೆ ಕುಬ್ಜಗಳ ಎರಡನೆಯ ಅನುಕೂಲ ಇಲ್ಲಿ ಹೊರಬೀಳುತ್ತದೆ. ನಾಸಾದ ಜಿಯಾಡಾ ಆರ್ನಿ 2019ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದ ಸಂಗತಿ ಇದು. ಮೀಥೇನನ್ನು ಅಳಿಸುವ ಚುರುಕು ಅಣುತುಣುಕುಗಳನ್ನು ಹುಟ್ಟಿಸುವುದು ನಕ್ಷತ್ರದ ಅತಿನೇರಳೆ ಬೆಳಕು. ಕಿತ್ತಳೆ ನಕ್ಷತ್ರದಲ್ಲಿ ಆ ಬೆಳಕು ಕಡಿಮೆ. ಅಲ್ಲಿ ಇದೇ ಕಂಪ್ಲಿಯ ಗದ್ದೆಯಿದ್ದರೆ ಅದರ ಮೀಥೇನ್ ಗಾಳಿಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ, ಹೆಚ್ಚು ಶೇಖರವಾಗುತ್ತದೆ, ದೂರದಿಂದ ಸುಲಭವಾಗಿ ಕಾಣುತ್ತದೆ. ನಕ್ಷತ್ರ ಸೂರ್ಯನಿಗಿಂತ ಮಂಕಾದ್ದರಿಂದ ಅದರ ಪ್ರಭೆಯಲ್ಲಿ ಗ್ರಹ ಕಳೆದುಹೋಗುವುದೂ ಕಡಿಮೆ.

ಇಂಥ ಹುಡುಕಾಟಕ್ಕೆ ಆರ್ನಿ ಹೆಸರಿಸಿದ ಸಮೀಪದ ನಕ್ಷತ್ರಗಳಲ್ಲಿ 61 ಸಿಗ್ನಿ ಒಂದು. ಅಕ್ಟೋಬರಿನಲ್ಲಿ ಮಳೆಗಾಲದ ಮೋಡ ಸರಿದ ಮೇಲೆ ರಾಜಹಂಸ ನಕ್ಷತ್ರಪುಂಜದಲ್ಲಿ, ದರೋಜಿ ಕಡೆಯ ಕತ್ತಲ ಆಕಾಶದಲ್ಲಿ ಕಷ್ಟಪಟ್ಟರೆ ಬರಿಗಣ್ಣಿಗೇ ಸಿಗುವ ಚುಕ್ಕೆ. ಬೈನಾಕ್ಯುಲರ್ ಹಿಡಿದರೆ ಎರಡು ಕಿತ್ತಳೆ ಕುಬ್ಜಗಳ ಜೋಡಿ. 1838ರಲ್ಲಿ ಜರ್ಮನಿಯ ಬೆಸೆಲ್ ನಕ್ಷತ್ರವೊಂದರ ದೂರವನ್ನು ಮೊದಲ ಸಲ ನಂಬುವಂತೆ ಅಳೆದು ಪ್ರಕಟಿಸಿದ್ದು ಇದರದ್ದೇ. ದೂರ 11.4 ಜ್ಯೋತಿರ್ವರ್ಷ, ವಯಸ್ಸು ಸೂರ್ಯನಿಗಿಂತ ಹೆಚ್ಚು. ಅದರ ಸುತ್ತ ಖಚಿತವಾದ ಗ್ರಹ ಒಂದೂ ಈವರೆಗೆ ಸಿಕ್ಕಿಲ್ಲ.

ವಿರೂಪಾಕ್ಷನ ಗುಡಿಯ ಕಿಂಡಿ

ಗ್ರಹ ಸಿಗುವುದು ಹೇಗೆ ಎಂಬುದಕ್ಕೆ ಹಂಪಿಗೆ ಬರೋಣ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಸುಮಾರು 50 ಮೀಟರ್ ಎತ್ತರದ ಪೂರ್ವದ ಬಿಷ್ಟಪ್ಪಯ್ಯ ಗೋಪುರ ಆ ಕಿಂಡಿಯ ಮೂಲಕ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮಾರ್ಗದರ್ಶಿಗಳು ಅದನ್ನು ಗೋಪುರದ ನೆರಳು ಎಂದು ತೋರಿಸುತ್ತಾರೆ. ಅದು ಬೆಳಕಿನ ಬಿಂಬ. ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ಗೋಪುರದ ಮೇಲ್ತುದಿಯ ಬೆಳಕು ಕಿಂಡಿ ದಾಟಿ ಗೋಡೆಯ ಕೆಳಕ್ಕೆ, ಬುಡದ ಬೆಳಕು ಮೇಲಕ್ಕೆ ಬೀಳುತ್ತದೆ.

ಹುಣಸೆ ಮರದ ಕೆಳಗೆ ನೆಲದ ಮೇಲೆ ಬೀಳುವ ದುಂಡು ಬೆಳಕಿನ ಚುಕ್ಕೆಗಳೂ ಎಲೆಸಂದಿಯ ಕಿಂಡಿಗಳು ಮೂಡಿಸಿದ ಸೂರ್ಯಬಿಂಬಗಳೇ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಾಗ ಹೊಸಪೇಟೆಯಲ್ಲಿ ಗ್ರಹಣ ಪಾರ್ಶ್ವವಾಗಿತ್ತು. ಮರದಡಿಯ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಳೆದವು. ನಕ್ಷತ್ರದ ಮುಖಕ್ಕೆ ಏನಾದರೂ ಅಡ್ಡ ಬಂದರೆ ಅದರ ಬೆಳಕೇ ಸಾಕ್ಷಿ ಹೇಳುತ್ತದೆ. ಗ್ರಹ ಅಡ್ಡಬಂದಾಗಲೂ ಆಗುವುದು ಇದೇ, ಪ್ರಮಾಣ ಮಾತ್ರ ಅತ್ಯಲ್ಪ. ಬೇರೆ ನಕ್ಷತ್ರದಿಂದ ನೋಡುವವರಿಗೆ ಭೂಮಿ ಸೂರ್ಯನೆದುರು ಹಾದಾಗ ಸೂರ್ಯನ ಬೆಳಕು 12,000ದಲ್ಲಿ ಒಂದು ಪಾಲು ಇಳಿಯುತ್ತದೆ. ಕಿತ್ತಳೆ ಕುಬ್ಜ ಗಾತ್ರದಲ್ಲಿ ಸಣ್ಣದಾದ್ದರಿಂದ ಅಷ್ಟೇ ದೊಡ್ಡ ಗ್ರಹ ಅಲ್ಲಿ ಹೆಚ್ಚು ಬೆಳಕು ತಡೆಯುತ್ತದೆ.

2026ರ ಜನವರಿಯಲ್ಲಿ ಸುದ್ದಿಯಾದ ಎಚ್‌ಡಿ 137010 ಇಂಥದ್ದು. ತುಲಾ ರಾಶಿಯಲ್ಲಿ, 146 ಜ್ಯೋತಿರ್ವರ್ಷ ದೂರದಲ್ಲಿ, ದೂರದರ್ಶಕವಿಲ್ಲದೆ ಕಾಣದ ಕಿತ್ತಳೆ ಕುಬ್ಜ. 2017ರಲ್ಲಿ ಕೆಪ್ಲರ್ ದೂರದರ್ಶಕ ತನ್ನ ಎರಡನೆಯ ಇನ್ನಿಂಗ್ಸ್‌ನಲ್ಲಿ ಮೂರು ತಿಂಗಳಿಗಿಂತ ಕಡಿಮೆ ಕಾಲ ಅದನ್ನು ನೋಡಿತ್ತು. ಆ ದಾಖಲೆಯಲ್ಲಿ ಒಂದೇ ಒಂದು ಬಾರಿ, ಹತ್ತು ಗಂಟೆಗಳ ಕಾಲ, ಬೆಳಕು ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಇಳಿದದ್ದು ಕಂಡಿತು. ಅಲೆಕ್ಸಾಂಡರ್ ವೆನ್ನರ್ ಮತ್ತು ಸಂಗಡಿಗರು ಲೆಕ್ಕ ಹಾಕಿದಂತೆ ಅಡ್ಡಬಂದದ್ದು ಭೂಮಿಗಿಂತ ನೂರಕ್ಕೆ ಆರರಷ್ಟು ಮಾತ್ರ ಅಗಲವಾದ ಗ್ರಹ. ಅದರ ವರ್ಷ ಸುಮಾರು 355 ದಿನ, ಇದರಲ್ಲಿ ಹಿಂದುಮುಂದು ಸಾಕಷ್ಟಿದೆ. ವಾಸಯೋಗ್ಯ ವಲಯದ ಹೊರ ಅಂಚಿನ ಆಸುಪಾಸಿನಲ್ಲಿ ಅದು ಇದೆ. ನಮಗೆ ಸಿಗುವ ಬೆಳಕಿನ ಮೂರನೇ ಒಂದು ಪಾಲೂ ಅದಕ್ಕಿಲ್ಲ, ಮಂಗಳನಿಗಿಂತಲೂ ಕಡಿಮೆ.

ಹಾಗಾದರೆ ಅದು ಹಿಮದ ಉಂಡೆಯೇ? ಇರಬಹುದು. ಆದರೆ 270 ಕೋಟಿ ವರ್ಷ ಹಿಂದೆ ಸೂರ್ಯನೂ ಇಂದಿಗಿಂತ ನೂರಕ್ಕೆ ಇಪ್ಪತ್ತರಷ್ಟು ಮಂಕಾಗಿದ್ದ. ಆದರೂ ಸಂಡೂರಿನಲ್ಲಿ ಕಡಲಿತ್ತು, ಅದು ಹೆಪ್ಪುಗಟ್ಟಿರಲಿಲ್ಲ. ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳ ದಪ್ಪ ಹೊದಿಕೆ ಭೂಮಿಯನ್ನು ಬೆಚ್ಚಗಿಟ್ಟಿತ್ತು. ಹೊಸ ಗ್ರಹಕ್ಕೆ ಇನ್ನೂ ದಪ್ಪ ಹೊದಿಕೆ ಬೇಕು. ಅದು ಇದೆಯೇ ಎಂದು ನೋಡುವ ಮೊದಲು ಆ ನೆರಳು ಇನ್ನೊಮ್ಮೆ ಬೀಳಬೇಕು. ಅಲ್ಲಿಯ ತನಕ ಅದು ಅಭ್ಯರ್ಥಿ ಗ್ರಹ ಮಾತ್ರ.

ಕೈತಪ್ಪಿದ ಗ್ರಹಗಳು

ಈ ಎಚ್ಚರಕ್ಕೆ ಕಾರಣವಿದೆ. ಗ್ರಹ ಹುಡುಕುವ ಇನ್ನೊಂದು ವಿಧಾನದಲ್ಲಿ ಹಲವು ಬಾರಿ ಮೋಸವಾಗಿದೆ. ಗ್ರಹ ತನ್ನ ನಕ್ಷತ್ರವನ್ನು ಅತ್ತಿತ್ತ ಎಳೆಯುತ್ತದೆ. ನಕ್ಷತ್ರದ ಬೆಳಕಿನ ರೋಹಿತದಲ್ಲಿ ಆ ಓಲಾಟ ದಾಖಲಾಗುತ್ತದೆ. ಭೂಮಿಯ ಎಳೆತಕ್ಕೆ ಸೂರ್ಯ ಓಲಾಡುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್, ಮಗುವಿನ ಅಂಬೆಗಾಲಿಗಿಂತ ನಿಧಾನ. ನಕ್ಷತ್ರದ ಮೇಲ್ಮೈಯೋ ಕುದಿಯುವ ಅನಿಲ. ಅಲ್ಲಿನ ಏರಿಳಿತ ಸೆಕೆಂಡಿಗೆ ನೂರಾರು ಮೀಟರ್.

2012ರಲ್ಲಿ ಆಲ್ಫಾ ಸೆಂಟಾರಿ ಬಿಗೆ ಭೂಮಿಯಷ್ಟು ತೂಕದ, ಮೂರು ದಿನದ ವರ್ಷದ ಗ್ರಹ ಇದೆ ಎಂದು ಪ್ರಕಟವಾಯಿತು. 2015ರಲ್ಲಿ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ಆಕ್ಸ್‌ಫರ್ಡ್ ತಂಡ, ಅದು ಅಳತೆಗಳ ನಡುವಿನ ಕಾಲಾಂತರದಿಂದ ಹುಟ್ಟಿದ ಭ್ರಮೆ ಎಂದು ತೋರಿಸಿತು. ಅದೇ 2012ರಲ್ಲಿ 42 ಜ್ಯೋತಿರ್ವರ್ಷ ದೂರದ ಎಚ್‌ಡಿ 40307 ಎಂಬ ಕಿತ್ತಳೆ ಕುಬ್ಜದ ವಾಸಯೋಗ್ಯ ವಲಯದಲ್ಲಿ ದೊಡ್ಡ ಗ್ರಹವೊಂದು ಸಿಕ್ಕಿತೆಂದು ಸಂಭ್ರಮವಾಯಿತು. ಮುಂದಿನ ಪರಿಶೀಲನೆಯಲ್ಲಿ ಅದು ಖಚಿತವಾಗಲಿಲ್ಲ. 16 ಜ್ಯೋತಿರ್ವರ್ಷ ದೂರದ 40 ಎರಿಡೇನಿಗೆ 42 ದಿನದ ವರ್ಷದ ಗ್ರಹವಿದೆ ಎಂದು 2018ರಲ್ಲಿ ಹೇಳಿದರು. ನಕ್ಷತ್ರ ತನ್ನ ಸುತ್ತ ತಾನು ತಿರುಗಲು ತೆಗೆದುಕೊಳ್ಳುವ ಕಾಲವೂ ಸುಮಾರು 42 ದಿನವೇ. ಗ್ರಹವೆಂದು ಕಂಡದ್ದು ಅದರ ಮೇಲ್ಮೈಯ ಚಟುವಟಿಕೆ ಎಂದು 2024ರ ಹೊತ್ತಿಗೆ ತೀರ್ಮಾನವಾಯಿತು.

ಹಗುರ ಗ್ರಹಗಳು ಕೈತಪ್ಪುತ್ತಿರುವಾಗ ಭಾರದ್ದೊಂದು ಸಿಕ್ಕಿದೆ. 11.9 ಜ್ಯೋತಿರ್ವರ್ಷ ದೂರದ ಎಪ್ಸಿಲಾನ್ ಇಂಡಿ ಎಂಬ ಕಿತ್ತಳೆ ಕುಬ್ಜದ ದೈತ್ಯ ಗ್ರಹವನ್ನು ಜೇಮ್ಸ್ ವೆಬ್ ದೂರದರ್ಶಕ ನೇರವಾಗಿ ಚಿತ್ರ ತೆಗೆದದ್ದು 2024ರಲ್ಲಿ ಪ್ರಕಟವಾಯಿತು. ಗುರುವಿಗಿಂತ ಆರು ಪಟ್ಟು ಭಾರದ ಆ ಅನಿಲಗೋಳದಲ್ಲಿ ಕಾಲಿಡಲು ನೆಲವಿಲ್ಲ. ಆದರೆ ತಂಪು ಗ್ರಹದ ಬೆಳಕನ್ನು ನಕ್ಷತ್ರದ ಪ್ರಭೆಯಿಂದ ಬೇರ್ಪಡಿಸಬಹುದು ಎಂಬುದು ಖಾತ್ರಿಯಾಯಿತು.

ಭೂಮಿಯಂಥ ಗ್ರಹದ ಬೆಳಕನ್ನು ಹೀಗೆ ಬೇರ್ಪಡಿಸಿ ಅದರಲ್ಲಿ ಆಮ್ಲಜನಕ, ಮೀಥೇನ್ ಹುಡುಕುವ ದೂರದರ್ಶಕವೊಂದನ್ನು ನಾಸಾ 2040ರ ದಶಕಕ್ಕೆಂದು ಯೋಜಿಸುತ್ತಿದೆ. ಸಮೀಪದ ನಕ್ಷತ್ರಗಳೇ ಅದರ ಗುರಿ. ಫಲಿತಾಂಶ ಎರಡು ಬಗೆಯಾಗಿ ಬರಬಹುದು. ಆ ಜೋಡಿ ಅನಿಲ ಒಂದು ಕಡೆಯಾದರೂ ಸಿಕ್ಕರೆ, ಲೋಳೆ ಹಾಸಿನಿಂದ ಗಾಳಿಯನ್ನೇ ಬದಲಿಸುವ ತನಕ ಜೀವ ನಡೆದ ದಾರಿ ಭೂಮಿಯೊಂದರದೇ ಅಲ್ಲ ಎಂದಾಗುತ್ತದೆ. ವಯಸ್ಸಾದ, ಶಾಂತವಾದ, ಸಾಕಷ್ಟು ಪುರುಸೊತ್ತಿದ್ದ ಕಿತ್ತಳೆ ಕುಬ್ಜಗಳ ಗ್ರಹಗಳಲ್ಲೂ ಏನೂ ಸಿಗದಿದ್ದರೆ ಆಗ ಸಮಯ ಒಂದಿದ್ದರೆ ಸಾಲದು, ಬೇರೆ ಏನೋ ಅಪರೂಪದ ತಿರುವು ಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ. ಆ ತಿರುವನ್ನು ಹುಡುಕಲು ದೂರದರ್ಶಕಕ್ಕಿಂತ ಭೂವಿಜ್ಞಾನಿಯ ಸುತ್ತಿಗೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡರಲ್ಲಿ ಯಾವುದೇ ಬಂದರೂ, ಕರಗಿಸಿ ಉಕ್ಕು ಮಾಡುವ ಮುನ್ನ ಸಂಡೂರಿನ ಪಟ್ಟೆಕಲ್ಲುಗಳಲ್ಲಿ ಕೆಲವನ್ನಾದರೂ ಓದಲು ಉಳಿಸಿಕೊಳ್ಳುವುದು ಜಾಣತನ.